ಮಕ್ಕಳು ತಟ್ಟೆ ಮುಂದೆ ಕೂತು ತಾವೇ ಊಟ ಮಾಡೋ ಹಾಗೆ ಮಾಡೋದು ಹೇಗೆ

ತುತ್ತು ಹಿಡ್ಕೊಂಡು ಮನೆ ತುಂಬಾ ಮಗು ಹಿಂದೆ ಓಡೋದನ್ನ ಮೊದಲು ಬಿಡಿ. ಮೊಬೈಲಲ್ಲಿ ರೈಮ್ಸ್ ಹಾಕಿ ತುರುಕಿದ್ರೆ ಒಳಗೇನೋ ಹೋಗುತ್ತೆ, ಆದ್ರೆ ಹೊಟ್ಟೆ ತುಂಬ್ತೋ ಇಲ್ವೋ ಅಂತ ಮಗುಗೇ ಗೊತ್ತಾಗಲ್ಲ.

ನಮ್ಮನೇಲಿ ರಾತ್ರಿ 8ಕ್ಕೆ ಟಿವಿ ಆಫ್, ಎಲ್ಲರೂ ಒಟ್ಟಿಗೆ ನೆಲದ ಮೇಲೆ ಕೂರ್ತೀವಿ, 3 ವರ್ಷದ ಮಗಳಿಗೂ ಅವಳದ್ದೇ ಪುಟ್ಟ ಸ್ಟೀಲ್ ತಟ್ಟೆ. ಏನು ಬಡಿಸ್ಬೇಕು ಅನ್ನೋದು ನಮ್ಮ ಕೆಲ್ಸ, ಎಷ್ಟು ತಿನ್ಬೇಕು ಅನ್ನೋದು ಅವಳ ಕೆಲ್ಸ. ಹೊಸ ತರಕಾರಿ ಒಂದೇ ಚಮಚ ಹಾಕಿ, ಮುಟ್ಟದೇ ಇದ್ರೂ ಸುಮ್ನಿರಿ, ನಾಲ್ಕು ದಿನ ಬಿಟ್ಟು ಮತ್ತೆ ಹಾಕಿ, ಕೆಲವು ಮಕ್ಕಳಿಗೆ ಒಂದು ರುಚಿ ಒಗ್ಗೋಕೆ 10-15 ಸಲ ಬೇಕಾಗುತ್ತೆ. ಬೀಟ್‌ರೂಟ್ ಪಲ್ಯನ ನಮ್ಮವಳು ವಾರಗಟ್ಟಲೆ ಬರೀ ಬೆರಳಲ್ಲಿ ತಿವಿದು ಅನ್ನ ಕೆಂಪು ಮಾಡ್ಕೊಂಡು ಆಟ ಆಡಿದ್ಲು, ಆಮೇಲೊಂದು ದಿನ ಬೆರಳು ನೆಕ್ಕಿದ್ಲು, ಅಷ್ಟೇ, ಈಗ ಕೇಳಿ ಹಾಕಿಸ್ಕೋತಾಳೆ.

ಸೊಪ್ಪು ಬಿಡಿಸೋಕೆ, ಅವರೆಕಾಯಿ ಸುಲಿಯೋಕೆ ಪಕ್ಕದಲ್ಲೇ ಕೂರಿಸ್ಕೊಳ್ಳಿ. ಮುದ್ದೆನ ಪುಟ್ಟ ಪುಟ್ಟ ಚೂರು ಮಾಡಿ ಬಸ್ಸಾರಲ್ಲಿ ಅದ್ದಿ ಕೊಟ್ರೆ ಅವರೇ ತಿಂತಾರೆ, ಖಾರ ಕಮ್ಮಿ ಇರ್ಲಿ.

"ಪಲ್ಯ ತಿಂದ್ರೆ ಚಾಕ್ಲೇಟ್" ಅನ್ಬೇಡಿ, ಪಲ್ಯ ಶಿಕ್ಷೆ ಥರ ಆಗುತ್ತೆ (ಇದನ್ನ ಅಜ್ಜಿಗೆ ಒಪ್ಸೋದು ಮಗುಗೆ ಒಪ್ಸೋದಕ್ಕಿಂತ ಕಷ್ಟ). ಹಾಲು ದಿನಕ್ಕೆ ಎರಡು ಲೋಟ ಸಾಕು, ಊಟಕ್ಕೆ ಮುಂಚೆ ಬಿಸ್ಕೆಟ್ ಬೇಡ. ಇಡೀ ಕಡ್ಲೆಬೀಜ, ಇಡೀ ದ್ರಾಕ್ಷಿ ಚಿಕ್ಕವರಿಗೆ ಕೊಡ್ಲೇಬೇಡಿ, ಗಂಟಲಿಗೆ ಸಿಗುತ್ತೆ. ತೂಕ ಏರ್ತಾನೇ ಇಲ್ಲ ಅಂದ್ರೆ ಡಾಕ್ಟರ್‌ಗೆ ತೋರ್ಸಿ.