ತಳದಲ್ಲಿ ಬಾಳುವ ಸಾಧು ಮೀಸೆಮೀನು: ಆರಿಸುವುದು ಹೇಗೆ?

ಅಕ್ವೇರಿಯಂಗೆ ಮೀಸೆಮೀನು, ಅಂದರೆ ಕ್ಯಾಟ್‌ಫಿಶ್, ತರುವ ಬಹಳಷ್ಟು ಮಂದಿ ‘ತಳದ ಕೊಳೆ ತಿಂದು ತೊಟ್ಟಿ ಚೊಕ್ಕಟವಾಗಿಡುತ್ತೆ’ ಅಂದುಕೊಂಡೇ ತರುತ್ತಾರೆ. ಆ ಎಣಿಕೆಯನ್ನು ಮೊದಲು ಬಿಡಿ. ಇವು ಬೇರೆ ಮೀನಿನ ಹಿಕ್ಕೆ ತಿಂದು ಬದುಕುವುದಿಲ್ಲ. ಮೇಲಿನ ಮೀನುಗಳು ಬಿಟ್ಟ ಚೂರನ್ನೇ ನೆಚ್ಚಿಕೊಂಡರೆ ಹೊಟ್ಟೆಗಿಲ್ಲದೆ ಸೊರಗುತ್ತವೆ.

ಆಯ್ಕೆ ಶುರುವಾಗಬೇಕಾದದ್ದು ತೊಟ್ಟಿಯ ತಳದಿಂದ. ನುಣ್ಣನೆಯ ಮರಳಿದ್ದರೆ ಕೋರಿಡೋರಸ್ ಎಂಬ ಮೀಸೆಮೀನಿಗಿಂತ (ಚಿಕ್ಕದಾಗಿ ‘ಕೋರಿ’) ಒಳ್ಳೆಯ ಮೀನು ನನಗೆ ಕಂಡಿಲ್ಲ. ದಕ್ಷಿಣ ಅಮೆರಿಕದ ತೊರೆಗಳ ಈ ಮೀನು ಹೆಚ್ಚಾಗಿ 3ರಿಂದ 7 ಸೆಂ.ಮೀ. ಬೆಳೆಯುತ್ತದೆ, ಯಾರ ತಂಟೆಗೂ ಹೋಗುವುದಿಲ್ಲ. ಅದು ಉಣ್ಣುವುದನ್ನು ಹತ್ತಿರ ಕೂತು ನೋಡಬೇಕು. ಮೂತಿಯನ್ನು ಕಣ್ಣಿನವರೆಗೂ ಮರಳಿಗೆ ತೂರಿಸಿ, ಬಾಯಿತುಂಬ ಮೊಗೆದು, ತಿನ್ನುವುದನ್ನಷ್ಟೇ ಇಟ್ಟುಕೊಂಡು ಮಿಕ್ಕ ಮರಳನ್ನು ಕಿವಿರಿನ ಸಂದಿಯಿಂದ ಉದುರಿಸುತ್ತದೆ. ಚೂಪು ಜಲ್ಲಿ ಹಾಸಿದ ತೊಟ್ಟಿಯಲ್ಲಿ ಈ ಕೆಲಸವೇ ಆಗದು. ಅಲ್ಲಿ ಗಲೀಜೂ ಕೂತರೆ ಮೀಸೆ ಸವೆದು, ಸೋಂಕು ತಗಲಿ ಮೊಂಡಾಗುತ್ತದೆ.

ಆಮೇಲೆ ನೀರಿನ ಬಿಸಿ. ಪೆಪ್ಪರ್ಡ್ ಕೋರಿ ಎಂಬ ಜಾತಿಗೆ 20ರಿಂದ 24 ಡಿಗ್ರಿ ಹಿತ. ಸ್ಟರ್ಬಾಯಿ ಕೋರಿ 25ರಿಂದ 28ರಲ್ಲೂ ಸುಖವಾಗಿರುತ್ತದೆ. ತೊಟ್ಟಿಯಲ್ಲಿ ಈಗಿರುವ ಮೀನುಗಳಿಗೆ ಹೊಂದುವುದನ್ನೇ ತನ್ನಿ. ಒಂದೇ ಜಾತಿಯವು ಕನಿಷ್ಠ ಆರಾದರೂ ಇರಲಿ. ಒಂಟಿ ಕೋರಿ ಮೂಲೆ ಹಿಡಿದು ಕೂರುತ್ತದೆ, ಅದನ್ನು ನೋಡುವುದೇ ಸಂಕಟ. ಗುಂಪಿಗೆ ತೊಟ್ಟಿಯ ಎತ್ತರಕ್ಕಿಂತ ಉದ್ದ ಮುಖ್ಯ, 60 ಸೆಂ.ಮೀ.ಗೆ ಕಡಿಮೆ ಬೇಡ.

ಆಗಾಗ ಸರ್ರನೆ ಮೇಲೇರಿ ಗಾಳಿ ಗುಟುಕರಿಸಿ ಇಳಿದರೆ ಗಾಬರಿಯಾಗಬೇಡಿ, ಕೋರಿ ಕರುಳಿನಿಂದಲೂ ಉಸಿರಾಡುತ್ತದೆ. ಬಿಡುವಿಲ್ಲದೆ ಹಾಗೆ ಮಾಡಿದರೆ ಮಾತ್ರ ನೀರು ಪರೀಕ್ಷಿಸಿ.

ಪಾಚಿ ತಿನ್ನುವ ಮೀನೇ ಬೇಕೇ? ಪುಟ್ಟ ಒಟೊಸಿಂಕ್ಲಸ್ ಇದೆ, ಆದರೆ ತಿಂಗಳುಗಟ್ಟಲೆ ಪಳಗಿದ ತೊಟ್ಟಿಗೆ ಮಾತ್ರ. ದೊಡ್ಡ ತೊಟ್ಟಿಗೆ 12–15 ಸೆಂ.ಮೀ. ಬೆಳೆಯುವ ಬ್ರಿಸಲ್‌ನೋಸ್ ಪ್ಲೆಕೊ ಒಂದು ಸಾಕು. ಮರಿಯಾಗಿದ್ದಾಗ ಅದರಂತೆಯೇ ಕಾಣುವ ಕಾಮನ್ ಪ್ಲೆಕೊ ಮೊಳದುದ್ದಕ್ಕೆ ಹೋಗಬಲ್ಲದು. ಪಂಗಾಸಿಯಸ್ ಎಂಬ ಮೀಸೆಮೀನು ಮೀಟರ್ ದಾಟಬಲ್ಲದು. ಪಿಕ್ಟಸ್ ಎಂಬ ಇನ್ನೊಂದು ಮೀಸೆಮೀನು ರಾತ್ರಿ ನಿಯಾನ್ ಟೆಟ್ರಾದಂಥ ಪುಟ್ಟ ಮೀನುಗಳನ್ನು ನುಂಗುತ್ತದೆ. ಮೂರೂ ಬೇಡ.

ಕೊಳ್ಳುವಾಗ ಮೀಸೆ ಪೂರ್ತಿ ಇದೆಯೇ, ಹೊಟ್ಟೆ ಒಳಕ್ಕೆ ಹೋಗಿದೆಯೇ ನೋಡಿ. ಎದುರಿಗೇ ಸ್ವಲ್ಪ ಆಹಾರ ಹಾಕಿಸಿ. ಹಿಡಿಯಲು ಬಲೆಗಿಂತ ಲೋಟ ವಾಸಿ: ಹೆದರಿದ ಕೋರಿ ರೆಕ್ಕೆಯ ಮುಳ್ಳು ಸೆಟೆಸುತ್ತದೆ, ಸಿಕ್ಕಿಕೊಂಡ ಮುಳ್ಳು ಬಿಡಿಸಲು ನಾನೊಮ್ಮೆ ಬಲೆಯನ್ನೇ ಕತ್ತರಿಸಬೇಕಾಯಿತು.

ಮನೆಗೆ ತಂದ ದಿನ ದೀಪ ಆರಿಸಿ, ಮುಳುಗುವ ಗುಳಿಗೆ ನಾಲ್ಕು ಹಾಕಿ. ಮೇಲಿನ ಮೀನುಗಳು ಮಲಗಿರುತ್ತವೆ. ಇವು ಮೀಸೆಯಲ್ಲೇ ಹುಡುಕಿಕೊಂಡು ತಿನ್ನುತ್ತವೆ.