ನಿವೃತ್ತಿಯ ಮೇಲೆ ಕೈಗೆ ಬಂದ ಸ್ಕೋರ್‌ಬುಕ್

2016ರಲ್ಲಿ, 34 ವರ್ಷ ಲೆಕ್ಕಪತ್ರ ವಿಭಾಗದಲ್ಲಿ ದುಡಿದು ನಿವೃತ್ತನಾದ ದಿನ, ಮುಂದೇನು ಮಾಡುತ್ತೀರೆಂದು ಕೇಳಿದ ಸಹೋದ್ಯೋಗಿಗಳಿಗೆಲ್ಲ ನಾನು ಒಂದೇ ಉತ್ತರ ಕೊಟ್ಟಿದ್ದೆ: ಕ್ರಿಕೆಟ್ ನೋಡುತ್ತೇನೆ. ಅದು ತಮಾಷೆಯ ಮಾತಾಗಿರಲಿಲ್ಲ. ಮೇಜಿನ ಖಾನೆಯೊಳಗೆ ಟ್ರಾನ್ಸಿಸ್ಟರ್ ಇಟ್ಟುಕೊಂಡು, ಮೇಲಧಿಕಾರಿ ಆಚೆ ಹೋದಾಗ ಒಂದು ಓವರಿನ ವೀಕ್ಷಕ ವಿವರಣೆ ಕೇಳಿ ಮತ್ತೆ ಕಡತಕ್ಕೆ ತಲೆ ತಗ್ಗಿಸುತ್ತಿದ್ದವನಿಗೆ, ಐದು ದಿನದ ಟೆಸ್ಟ್ ಪಂದ್ಯವನ್ನು ಮೊದಲ ಎಸೆತದಿಂದ ಕೊನೆಯ ಎಸೆತದವರೆಗೆ ನೋಡುವ ಭಾಗ್ಯ ಅದುವರೆಗೆ ಒಮ್ಮೆಯೂ ಒದಗಿರಲಿಲ್ಲ. ಆ ಬಾಕಿಯನ್ನೆಲ್ಲ ಬಡ್ಡಿಸಹಿತ ವಸೂಲಿ ಮಾಡಿಕೊಳ್ಳುವುದೆಂದು ನಿಶ್ಚಯಿಸಿದ್ದೆ.

ಮೂರು ತಿಂಗಳು ಹಾಗೆಯೇ ನಡೆಯಿತು. ಲೆಕ್ಕ ಬರೆಯುವ ಚಟ ಬಿಡದಿದ್ದುದರಿಂದ, ಒಂದು ತಿಂಗಳು ದಿನಕ್ಕೆ ಎಷ್ಟು ಹೊತ್ತು ಟಿ.ವಿ. ಮುಂದೆ ಕುಳಿತೆನೆಂದು ಡೈರಿಯಲ್ಲಿ ಗುರುತು ಹಾಕಿಕೊಂಡೆ. ತಿಂಗಳ ಕೊನೆಯಲ್ಲಿ ಕೂಡಿ ನೋಡಿದರೆ 26 ದಿನ, 141 ಗಂಟೆ. ಅಷ್ಟು ಹೊತ್ತಿನಲ್ಲಿ ಟೆಸ್ಟ್ ಇತ್ತು, ಟಿ20 ಲೀಗುಗಳಿದ್ದವು, ಆಟಗಾರರ ಹೆಸರೇ ಗೊತ್ತಿಲ್ಲದ ಫುಟ್‌ಬಾಲ್ ತಂಡಗಳಿದ್ದವು, ಹಿಂದಿನ ದಿನವಷ್ಟೇ ನೋಡಿದ ಪಂದ್ಯದ ಮರುಪ್ರಸಾರವೂ ಇತ್ತು. ವಿಚಿತ್ರವೆಂದರೆ, ಮಂಗಳವಾರ ಗೆದ್ದವರು ಯಾರೆಂಬುದು ಶುಕ್ರವಾರದ ಹೊತ್ತಿಗೆ ನೆನಪಿರುತ್ತಿರಲಿಲ್ಲ. ಕದ್ದು ಕೇಳಿದ ಒಂದು ಓವರನ್ನು ತಿಂಗಳುಗಟ್ಟಲೆ ಮೆಲುಕು ಹಾಕುತ್ತಿದ್ದವನಿಗೆ, ಹಕ್ಕಿನಿಂದ ನೋಡಿದ ಐವತ್ತು ಓವರುಗಳಲ್ಲಿ ಒಂದೂ ಮನಸ್ಸಿನಲ್ಲಿ ನಿಲ್ಲಲಿಲ್ಲ.

ದೇಹ ಇದಕ್ಕಿಂತ ಮೊದಲೇ ದೂರು ಹೇಳತೊಡಗಿತ್ತು. ರಾತ್ರಿಯ ಪಂದ್ಯಗಳಿಂದ ನಿದ್ದೆ ಕೆಟ್ಟಿತ್ತು, ಕುಳಿತು ಕುಳಿತು ಮೊಣಕಾಲು ಬಿಗಿದಿತ್ತು, ರಕ್ತದೊತ್ತಡವೂ ಏರಿತ್ತು. ಕ್ಯಾಚ್ ಬಿಟ್ಟ ಆಟಗಾರನ ಮೇಲೆ ನಾನು ಕೂಗಾಡುವುದನ್ನು ಕೇಳಿ ನನ್ನ ಹೆಂಡತಿ, "ಅವರು ಆಡಿ ಸುಸ್ತಾಗುತ್ತಾರೆ, ನೀವು ಕುಳಿತೇ ಸುಸ್ತಾಗುತ್ತೀರಿ" ಎಂದಳು. ಆಟದ ಉದ್ವೇಗ ಹೃದಯಕ್ಕೆ ತಟ್ಟುತ್ತದೆಂಬುದು ಬರಿಯ ಗಾದೆಯಲ್ಲ. 2006ರ ವಿಶ್ವಕಪ್ ಫುಟ್‌ಬಾಲ್ ಸಮಯದಲ್ಲಿ ಮ್ಯೂನಿಕ್ ಪ್ರದೇಶದಲ್ಲಿ ನಡೆದ ಅಧ್ಯಯನವೊಂದರಲ್ಲಿ, ಜರ್ಮನಿಯ ಪಂದ್ಯವಿದ್ದ ದಿನಗಳಲ್ಲಿ ಹೃದಯದ ತುರ್ತು ಪ್ರಕರಣಗಳು ಉಳಿದ ದಿನಗಳಿಗಿಂತ ಎರಡೂವರೆ ಪಟ್ಟಿಗೂ ಮೀರಿ ಏರಿದ್ದವು. ಮೊದಲೇ ಹೃದ್ರೋಗವಿದ್ದವರಲ್ಲಿ ಅಪಾಯ ಇನ್ನೂ ಹೆಚ್ಚಾಗಿತ್ತು. ಇದನ್ನು ಓದಿದ ಮೇಲೆ ರಾತ್ರಿಯ ಪಂದ್ಯಗಳನ್ನು ನೇರವಾಗಿ ನೋಡುವುದನ್ನು ಬಿಟ್ಟು, ಫಲಿತಾಂಶ ತಿಳಿದುಕೊಂಡೇ ಬೆಳಿಗ್ಗೆ ಮುಖ್ಯಾಂಶ ನೋಡುವ ರೂಢಿ ಮಾಡಿಕೊಂಡೆ. ಫಲಿತಾಂಶ ಗೊತ್ತಿದ್ದರೆ ರುಚಿ ಕೆಡುತ್ತದೆ ಎನ್ನುವವರಿದ್ದಾರೆ. ಯಾರು ಗೆಲ್ಲುತ್ತಾರೆಂಬ ಆತಂಕ ಹೋದ ಮೇಲೆಯೇ ಫೀಲ್ಡರುಗಳನ್ನು ಎಲ್ಲೆಲ್ಲಿ ನಿಲ್ಲಿಸಿದ್ದಾರೆಂಬುದು ನನ್ನ ಕಣ್ಣಿಗೆ ಬೀಳತೊಡಗಿತು.

ಟೆಸ್ಟ್ ಪಂದ್ಯವನ್ನು ಮಾತ್ರ ನೇರವಾಗಿಯೇ ನೋಡುತ್ತೇನೆ, ಅದರ ವಿರಾಮಗಳಲ್ಲಿ ನಡೆಯುತ್ತೇನೆ. ಊಟದ ವಿರಾಮ 40 ನಿಮಿಷ, ಚಹಾ ವಿರಾಮ 20 ನಿಮಿಷ. ಪಂದ್ಯ ಐದನೆಯ ದಿನದವರೆಗೆ ಎಳೆದರೆ ಒಟ್ಟು 300 ನಿಮಿಷ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಗರಿಷ್ಠ ಪ್ರಮಾಣಕ್ಕೆ ಇದು ಸರಿಯಾಗಿ ಹೊಂದುತ್ತದೆ. ಮೂರೇ ದಿನಕ್ಕೆ ಮುಗಿಯುವ ಟೆಸ್ಟುಗಳ ಬಗ್ಗೆ ನನಗಿರುವ ಅಸಮಾಧಾನಕ್ಕೆ ಈಗ ಇದೂ ಒಂದು ಕಾರಣ.

ಸ್ಕೋರ್‌ಬುಕ್ ಕೈಗೆ ಬಂದದ್ದು ಇಂಥದೇ ಒಂದು ನಡಿಗೆಯಲ್ಲಿ. ಮೈದಾನವೊಂದರಲ್ಲಿ ಶಾಲಾ ತಂಡಗಳ ಪಂದ್ಯ ಇನ್ನೇನು ಆರಂಭವಾಗಬೇಕಿತ್ತು, ಒಂದು ತಂಡದ ಸ್ಕೋರರ್ ಬಂದಿರಲಿಲ್ಲ. ಬೇಲಿಯ ಬಳಿ ನಿಂತಿದ್ದ ನನ್ನನ್ನು ಕಂಡ ತರಬೇತುದಾರರು, "ಸರ್, ನಿಮಗೆ ಸ್ಕೋರ್ ಬರೆಯಲು ಬರುತ್ತದೆಯೇ?" ಎಂದು ಕೇಳಿದರು. ಐವತ್ತು ವರ್ಷ ಕ್ರಿಕೆಟ್ ಹಿಂಬಾಲಿಸಿದವನು ಬರುವುದಿಲ್ಲವೆಂದು ಹೇಳುವುದು ಹೇಗೆ? ಬರುತ್ತದೆ ಎಂದೆ. ಹತ್ತನೆಯ ಓವರ್ ಮುಗಿಯುವ ಹೊತ್ತಿಗೆ, ನೋಡಲು ಬರುವುದೇ ಬೇರೆ, ಬರೆಯಲು ಬರುವುದೇ ಬೇರೆ ಎಂಬುದು ಸ್ಪಷ್ಟವಾಗಿತ್ತು.

ಪ್ರತಿಯೊಂದು ಎಸೆತವನ್ನೂ ಕನಿಷ್ಠ ಎರಡು ಕಡೆ ನಮೂದಿಸಬೇಕು: ಬ್ಯಾಟರ್ ಹೆಸರಿನ ಮುಂದೆ ಒಮ್ಮೆ, ಬೌಲರ್ ಹೆಸರಿನ ಮುಂದೆ ಇನ್ನೊಮ್ಮೆ. ಚೆಂಡು ಬ್ಯಾಟಿಗೂ ಮೈಗೂ ತಾಗದೆ ಹೋದಾಗ ಬರುವ ಬೈ ರನ್ನುಗಳೂ, ಬ್ಯಾಟಿಗೆ ತಾಗದೆ ಪ್ಯಾಡಿಗೋ ಮೈಗೋ ತಾಗಿ ಹೋದಾಗ ಬರುವ ಲೆಗ್ ಬೈ ರನ್ನುಗಳೂ ತಂಡಕ್ಕೆ ಸೇರುತ್ತವೆ, ಬೌಲರ್ ಖಾತೆಗೆ ಬರುವುದಿಲ್ಲ. ವೈಡ್ ಮತ್ತು ನೋಬಾಲ್ ಬೌಲರ್ ಖಾತೆಗೇ ಬೀಳುತ್ತವೆ. ನೋಬಾಲ್ ಎಸೆತ ಬ್ಯಾಟರ್ ಎದುರಿಸಿದ ಎಸೆತಗಳ ಲೆಕ್ಕಕ್ಕೆ ಸೇರುತ್ತದೆ, ವೈಡ್ ಸೇರುವುದಿಲ್ಲ. ರನ್‌ಔಟ್ ಆದ ವಿಕೆಟ್ ಬೌಲರಿಗೆ ಸಲ್ಲುವುದಿಲ್ಲ. ಇನಿಂಗ್ಸ್ ಮುಗಿದ ಮೇಲೆ ಬ್ಯಾಟರುಗಳ ರನ್ ಮತ್ತು ಇತರೆ ರನ್ ಕೂಡಿದರೆ ಬರುವ ಮೊತ್ತವೂ, ಬೌಲರುಗಳು ಕೊಟ್ಟ ರನ್ನಿಗೆ ಬೈ, ಲೆಗ್ ಬೈ ಕೂಡಿದರೆ ಬರುವ ಮೊತ್ತವೂ ಒಂದೇ ಆಗಬೇಕು. ಇದನ್ನು ಕಂಡಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ, ಏಕೆಂದರೆ ಜೀವನಪೂರ್ತಿ ನಾನು ಮಾಡಿದ್ದು ಈ ಜಮಾ ಖರ್ಚಿನ ತಾಳೆಯನ್ನೇ.

ತಾಳೆಯಾದ ಮಾತ್ರಕ್ಕೆ ಲೆಕ್ಕ ಸರಿಯಿರಬೇಕೆಂದಿಲ್ಲ ಎಂಬುದನ್ನು ಕಚೇರಿಯಲ್ಲಿ ಕಿರಿಯರಿಗೆಲ್ಲ ಬೋಧಿಸಿದವನೇ ನಾಲ್ಕನೆಯ ಪಂದ್ಯದಲ್ಲಿ ಅದೇ ತಪ್ಪು ಮಾಡಿದೆ. ಚೆಂಡು ಹುಡುಗನೊಬ್ಬನ ಪ್ಯಾಡಿಗೆ ತಾಗಿ ಹೋಗಿ ಒಂದು ರನ್ ಬಂದಿತ್ತು. ಅಂಪೈರ್ ಮೊಣಕಾಲು ಎತ್ತಿ ತಟ್ಟಿ ಲೆಗ್ ಬೈ ಎಂದು ಸೂಚಿಸಿದ್ದನ್ನು ಗಮನಿಸದೆ ನಾನು ಆ ರನ್ನನ್ನು ಹುಡುಗನ ಹೆಸರಿಗೂ ಬೌಲರ್ ಖಾತೆಗೂ ಬರೆದುಬಿಟ್ಟೆ. ನನ್ನ ಪುಸ್ತಕ ತನ್ನಷ್ಟಕ್ಕೆ ಚೊಕ್ಕವಾಗಿ ತಾಳೆಯಾಯಿತು. ಪಕ್ಕದಲ್ಲಿದ್ದ ಇನ್ನೊಬ್ಬ ಸ್ಕೋರರ್ ಪುಸ್ತಕದೊಂದಿಗೆ ಆಗಾಗ ಹೋಲಿಸಿಕೊಳ್ಳಬೇಕೆಂಬ ನಿಯಮವನ್ನು ನಾನು ಪಾಲಿಸಿರಲಿಲ್ಲ. ಹೋಲಿಸಿದ್ದು ಇನಿಂಗ್ಸ್ ಮುಗಿದ ಮೇಲೆ. ಅಷ್ಟರಲ್ಲಿ ನಾನು ಕೊಟ್ಟ ಲೆಕ್ಕವನ್ನು ನಂಬಿ ಅವನ ಗೆಳೆಯರು ಅರ್ಧಶತಕಕ್ಕೆ ಚಪ್ಪಾಳೆ ತಟ್ಟಿದ್ದರು, ಅವನು ಬ್ಯಾಟ್ ಎತ್ತಿದ್ದ, ಮರು ಎಸೆತದಲ್ಲೇ ಔಟಾಗಿದ್ದ. ಅವನದು 49 ರನ್ ಎಂದು ನಾನೇ ಹೋಗಿ ಹೇಳಬೇಕಾಯಿತು. ಅವನು ಸಿಟ್ಟಾಗಲಿಲ್ಲ, "ಪರವಾಗಿಲ್ಲ ಸರ್" ಎಂದು ಪ್ಯಾಡ್ ಬಿಚ್ಚುತ್ತ ಕುಳಿತ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಟಿ.ವಿ. ಮುಂದೆ ಕುಳಿತು ನಾನೆಷ್ಟು ತಪ್ಪು ತೀರ್ಪು ಕೊಟ್ಟರೂ ಯಾರಿಗೂ ನಷ್ಟವಿರಲಿಲ್ಲ, ಇಲ್ಲಿ ಹಾಗಿರಲಿಲ್ಲ. ನಿವೃತ್ತಿಯ ನಂತರ ನನ್ನಿಂದ ಕಳೆದುಹೋಗಿದ್ದುದು ಕೆಲಸವಲ್ಲ, ಈ ಹೊಣೆ ಎಂಬುದು ಅಂದು ಅರ್ಥವಾಯಿತು.

ಅಂದಿನಿಂದ ನಿಯಮಗಳನ್ನು ಕ್ರಮವಾಗಿ ಓದಿದೆ. ಓದಿ ಒಂದು ಹದಕ್ಕೆ ಬರುವಷ್ಟರಲ್ಲಿ, 2017ರ ಅಕ್ಟೋಬರ್ 1ರಿಂದ ಹೊಸ ನಿಯಮಾವಳಿ ಜಾರಿಗೆ ಬಂತು. ಅಲ್ಲಿಯವರೆಗೆ, ನೋಬಾಲ್ ಎಸೆತ ಬ್ಯಾಟಿಗೆ ತಾಗದೆ ಹೋಗಿ ಬ್ಯಾಟರುಗಳು ಓಡಿದರೆ ಆ ರನ್ನುಗಳೆಲ್ಲ ನೋಬಾಲ್ ಎಂದೇ ಬೌಲರ್ ತಲೆಗೆ ಬೀಳುತ್ತಿದ್ದವು. ಹೊಸ ನಿಯಮದಂತೆ ನೋಬಾಲಿನ ಒಂದು ರನ್ ಮಾತ್ರ ಬೌಲರಿಗೆ, ಓಡಿದ್ದು ಬೈ ಅಥವಾ ಲೆಗ್ ಬೈ. ಬೌಲರುಗಳ ದೃಷ್ಟಿಯಿಂದ ಇದು ನ್ಯಾಯವೆಂದೇ ನನ್ನ ಅಭಿಪ್ರಾಯ. ಆದರೆ ಕಷ್ಟಪಟ್ಟು ಕಲಿತದ್ದನ್ನು ಮರುವರ್ಷವೇ ಮರೆಯಬೇಕಾದ ಬೇಸರವಂತೂ ಇತ್ತು.

ನಿಯಮಗಳಲ್ಲಿ ನನಗೆ ಅತ್ಯಂತ ಪ್ರಿಯವಾದುದು ಬೇರೆಯೇ ಇದೆ. ಅಂಪೈರ್ ಕೊಡುವ ಪ್ರತಿಯೊಂದು ಸಂಜ್ಞೆಗೂ ಸ್ಕೋರರ್ ಕೈ ಎತ್ತಿ, ಕಂಡೆ ಎಂದು ತಿಳಿಸಬೇಕು. ತಿಳಿಸುವವರೆಗೆ ಅಂಪೈರ್ ಆಟ ಮುಂದುವರಿಯಲು ಬಿಡುವಂತಿಲ್ಲ. ಬಾಲ್ಯದಿಂದ ನಾನು ಆಟಕ್ಕಾಗಿ ಕಾದವನು. ಮಳೆ ನಿಲ್ಲಲಿ ಎಂದು ಕಾದೆ, ರೇಡಿಯೊದ ಗೊರಗೊರ ನಿಲ್ಲಲಿ ಎಂದು ಕಾದೆ, ಭಾನುವಾರಕ್ಕಾಗಿ ಕಾದೆ. ಈಗ ಬೌಲರ್ ಓಟದ ಗುರುತಿನ ಬಳಿ ನಿಂತಿರುತ್ತಾನೆ, ಅಂಪೈರ್ ನನ್ನತ್ತ ನೋಡುತ್ತಿರುತ್ತಾರೆ, ಎರಡು ಕ್ಷಣದ ಮಟ್ಟಿಗೆ ಆಟ ನನ್ನ ಕೈ ಮೇಲೇಳುವುದನ್ನು ಕಾಯುತ್ತದೆ.

ಪಂದ್ಯಗಳಿಲ್ಲದ ತಿಂಗಳುಗಳಲ್ಲಿ ಅಭ್ಯಾಸಕ್ಕಾಗಿ ಹಳೆಯ ಟೆಸ್ಟ್ ಪಂದ್ಯಗಳ ಲಭ್ಯ ಚಿತ್ರಣವನ್ನೂ ಅಂಕಪಟ್ಟಿಯನ್ನೂ ಮುಂದಿಟ್ಟುಕೊಂಡು ನನ್ನ ಪುಸ್ತಕದಲ್ಲಿ ಮತ್ತೆ ಬರೆಯುತ್ತೇನೆ. ಮೊದಲು ಕೈಗೆತ್ತಿಕೊಂಡದ್ದು ಆಸ್ಟ್ರೇಲಿಯಾ ಎದುರಿನ 2001ರ ಈಡನ್ ಗಾರ್ಡನ್ಸ್ ಪಂದ್ಯ. 274 ರನ್ ಹಿಂದೆ ಬಿದ್ದು ಫಾಲೋ ಆನ್ ಪಡೆದ, ಅಂದರೆ ಬೆನ್ನಿಗೇ ಎರಡನೆಯ ಇನಿಂಗ್ಸನ್ನೂ ಆಡಬೇಕಾಗಿ ಬಂದ ಭಾರತ, ಲಕ್ಷ್ಮಣ್ ಅವರ 281, ದ್ರಾವಿಡ್ ಅವರ 180 ಮತ್ತು ಅವರಿಬ್ಬರ 376 ರನ್ನುಗಳ ಜೊತೆಯಾಟದ ಬಲದಿಂದ 171 ರನ್ನುಗಳಿಂದ ಗೆದ್ದ ಕಥೆ ಎಲ್ಲರಿಗೂ ಬಾಯಿಪಾಠ. ಬರೆಯುವವನಿಗೆ ಎದ್ದು ಕಾಣುವುದು ಎದುರಾಳಿಯ ಪುಟ. ನಾಲ್ಕನೆಯ ದಿನವಿಡೀ ವಿಕೆಟ್ ಅಂಕಣ ಖಾಲಿ. ಆ ಇನಿಂಗ್ಸಿನಲ್ಲಿ ಆಸ್ಟ್ರೇಲಿಯಾ ಒಂಬತ್ತು ಮಂದಿಗೆ ಚೆಂಡು ಕೊಟ್ಟಿತ್ತು. ಬೌಲರುಗಳಿಗೆಂದು ನಾನು ಗೆರೆ ಹಾಕಿಕೊಂಡಿದ್ದ ಎಂಟು ಸಾಲು ಸಾಲದೆ ಪುಟದ ಅಂಚಿನಲ್ಲಿ ಬರೆಯಬೇಕಾಯಿತು. ಶೇನ್ ವಾರ್ನ್ ಎದುರಿಗೆ ಒಂದು ವಿಕೆಟ್, 152 ರನ್ ಎಂದು ನನ್ನ ಕೈಯಿಂದಲೇ ಬರೆದಾಗ, ಅಂದು ಕಚೇರಿಯಲ್ಲಿ ನಾನು ಹಾಕಿದ್ದ ಕೇಕೆ ನೆನಪಾಯಿತು, ಜೊತೆಗೆ ಆ ಬೌಲರ್ ಬಗ್ಗೆ ಅಂದು ಹುಟ್ಟದ ಒಂದು ಬಗೆಯ ಮರುಕವೂ ಹುಟ್ಟಿತು.

ಈ ಪುಸ್ತಕಗಳು ಇನ್ನೊಂದು ಉಪಯೋಗಕ್ಕೂ ಬಂದವು. ನನ್ನ ಹಳೆಯ ಸಹೋದ್ಯೋಗಿಯೊಬ್ಬರಿಗೆ ಮರೆವಿನ ಕಾಯಿಲೆ ಬಂದಿದೆ. ವಾರಕ್ಕೊಮ್ಮೆ ಅವರ ಮನೆಗೆ ಹೋಗುತ್ತೇನೆ. ಬೆಳಿಗ್ಗೆ ಮಗಳು ಬಂದು ಹೋದದ್ದು ಅವರ ನೆನಪಿನಲ್ಲಿರುವುದಿಲ್ಲ, ಆದರೆ 1971ರಲ್ಲಿ ಓವಲ್ ಮೈದಾನದಲ್ಲಿ ಚಂದ್ರಶೇಖರ್ 38 ರನ್ನಿಗೆ ಆರು ವಿಕೆಟ್ ಕಿತ್ತು ಇಂಗ್ಲೆಂಡ್ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲುವು ತಂದುಕೊಟ್ಟದ್ದನ್ನು ನಿನ್ನೆ ಕಂಡಂತೆ ಹೇಳುತ್ತಾರೆ. ಹದಿಹರೆಯದಿಂದ ಮೂವತ್ತರೊಳಗಿನ ನೆನಪುಗಳೇ ಇಳಿವಯಸ್ಸಿನಲ್ಲಿ ಹೆಚ್ಚು ಉಳಿಯುತ್ತವೆಂದು ಮನಶ್ಶಾಸ್ತ್ರಜ್ಞರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಸ್ಕಾಟ್ಲೆಂಡಿನಲ್ಲಿ ಹಳೆಯ ಫುಟ್‌ಬಾಲ್ ಚಿತ್ರಗಳನ್ನು ಮುಂದಿಟ್ಟು ಇಂಥವರೊಂದಿಗೆ ಮಾತಿಗೆ ಕೂರುವ ಗುಂಪುಗಳೇ ಇವೆ. ನಾನು ಅಂಕಪಟ್ಟಿ ಒಯ್ಯುತ್ತೇನೆ.

ಆರಂಭದಲ್ಲಿ ಇಲ್ಲಿಯೂ ಒಂದು ತಪ್ಪು ಮಾಡಿದೆ. ಅವರು ಬೇರೊಂದು ಸರಣಿಯ ಘಟನೆಯನ್ನು ಓವಲ್ ಪಂದ್ಯಕ್ಕೆ ಸೇರಿಸಿ ಹೇಳಿದಾಗ, ಲೆಕ್ಕಿಗನ ಬುದ್ಧಿಯಿಂದ "ಅದು ಇದಲ್ಲ, ಮೂರು ವರ್ಷದ ಮೇಲೆ ನಡೆದದ್ದು" ಎಂದು ತಿದ್ದಿದೆ. ಅವರು ಮಾತು ನಿಲ್ಲಿಸಿ ಗೋಡೆ ನೋಡುತ್ತ ಕುಳಿತರು, ಅಂದು ಮತ್ತೆ ಬಾಯಿ ತೆರೆಯಲಿಲ್ಲ. ಸ್ಕೋರರ್ ಮೇಜಿನ ಮೇಲೆ ಇರಲೇಬೇಕಾದ ನಿಖರತೆ ಆ ಮನೆಯಲ್ಲಿ ಸಲ್ಲದು. ಈಗ ಅವರು ಯಾವ ಪಂದ್ಯವನ್ನು ಯಾವುದಕ್ಕೆ ಸೇರಿಸಿದರೂ, "ಅಂದು ನೀವು ಎಲ್ಲಿ ಕುಳಿತು ಕೇಳುತ್ತಿದ್ದಿರಿ?" ಎಂದಷ್ಟೇ ಕೇಳುತ್ತೇನೆ. ಆಮೇಲೆ ರೇಡಿಯೊ, ಅದರ ಸುತ್ತ ನೆರೆದವರು, ಅವರ ಅಣ್ಣ, ಹೀಗೆ ಒಂದೊಂದೇ ಹೊರಬರುತ್ತದೆ.

ಈ ಕೆಲಸಕ್ಕೆ ಇಳಿಯಬೇಕೆನ್ನುವ ನನ್ನ ವಯಸ್ಸಿನವರಿಗೆ ಎರಡು ಮಾತು ಹೇಳಬಹುದು. ಕಣ್ಣು ಮೊದಲು ಪರೀಕ್ಷೆ ಮಾಡಿಸಿಕೊಳ್ಳಿ. ಪೊರೆಯ ಶಸ್ತ್ರಚಿಕಿತ್ಸೆಗೆ ಮುಂಚೆ ನನಗೆ ದೂರದ ಅಂಪೈರ್ ಕೈಯೂ ಬಿಳಿಯ ಮೋಡವೂ ಒಂದೇ ಆಗಿದ್ದವು. ಎರಡನೆಯದನ್ನು ಸಂಕೋಚವಿಲ್ಲದೆ ಹೇಳಬೇಕು: ಓವರ್ ನಡುವೆ ಎದ್ದು ಹೋಗುವಂತಿಲ್ಲ, ಅರವತ್ತು ದಾಟಿದ ಗಂಡಸಿಗೆ ಇದು ಸಣ್ಣ ವಿಷಯವಲ್ಲ. ಪಕ್ಕದ ಸ್ಕೋರರ್ ಜೊತೆ ಮೊದಲೇ ಒಪ್ಪಂದ ಮಾಡಿಕೊಂಡು, ನೀರಿನ ವಿರಾಮವನ್ನು ನೀರು ಕುಡಿಯುವುದಕ್ಕಲ್ಲದೆ ಬೇರೆಯದಕ್ಕೆ ಬಳಸುವುದು ನಾನು ಕಂಡುಕೊಂಡ ಉಪಾಯ.

ಈ ವರ್ಷ ನನ್ನ ಪಕ್ಕದಲ್ಲಿ ಕೂರುವವಳು 14 ವರ್ಷದ ಹುಡುಗಿ. ಅವಳು ಟ್ಯಾಬ್‌ನಲ್ಲಿ ಒತ್ತುತ್ತಾಳೆ, ನಾನು ಪೆನ್ಸಿಲಿನಲ್ಲಿ ಬರೆಯುತ್ತೇನೆ, ಪ್ರತಿ ಓವರಿನ ಕೊನೆಗೆ ಮೊತ್ತವನ್ನು ಪರಸ್ಪರ ಗಟ್ಟಿಯಾಗಿ ಹೇಳಿಕೊಳ್ಳುತ್ತೇವೆ. ಕಳೆದ ಪಂದ್ಯದಲ್ಲಿ ಎಡಗೈ ಆಟಗಾರನೊಬ್ಬ ಮುಂಗಾಲು ಚಾಚಿ, ಮೊಣಕೈ ಎತ್ತಿ, ಕವರ್ ಮತ್ತು ಎಕ್ಸ್‌ಟ್ರಾ ಕವರ್ ನಡುವಿನ ಸಂದಿಯಲ್ಲಿ ಒಂದು ಡ್ರೈವ್ ಹೊಡೆದ. ಚೆಂಡು ಗೆರೆ ದಾಟಿದ ಮೇಲೂ ನನ್ನ ಪೆನ್ಸಿಲ್ ಗಾಳಿಯಲ್ಲೇ ನಿಂತಿತ್ತು. ಅಂಪೈರ್ ಬೌಂಡರಿಯ ಸಂಜ್ಞೆ ಮಾಡಿ ನಮ್ಮತ್ತ ನೋಡುತ್ತಿದ್ದರು. ನನ್ನ ಪಾಲಿನ ಕೈಯನ್ನೂ ತಾನೇ ಎತ್ತಿದ ಆ ಹುಡುಗಿ ತಲೆ ಎತ್ತದೆಯೇ ಹೇಳಿದಳು: "ನಾಲ್ಕು, ಸರ್. ಬರೆದುಕೊಳ್ಳಿ."