ಎಫ್/11ರಲ್ಲಿ ಫೋಕಸ್ ಯಾಕೆ ತಡವರಿಸಿತು: ಬೈತಖೋಲ್ ಬಂದರಿನ ಒಂದು ಬೆಳಗು

ಕಾರವಾರದಲ್ಲಿ ಸಮುದ್ರ ಪಡುವಣಕ್ಕೆ, ಗುಡ್ಡ ಮೂಡಣಕ್ಕೆ. ಹಾಗಾಗಿ ಬೆಳಗಾದರೂ ಬೈತಖೋಲ್ ಬಂದರಿಗೆ ಬಿಸಿಲು ಬೇಗ ಇಳಿಯುವುದಿಲ್ಲ. ದೋಣಿಗಳಿಂದ ಬಂಗಡೆ ಬುಟ್ಟಿ ಇಳಿಸುವುದು ಮಾತ್ರ ಆ ನಸುಬೆಳಕಿನಲ್ಲೇ. ಮುಂದಿನ ಬುಟ್ಟಿಯಿಂದ ಹಿಂದಿನ ದೋಣಿ ತನಕ ಎಲ್ಲ ಸ್ಪಷ್ಟವಾಗಿ ಬರಲಿ ಅಂತ ನಾನು ನನ್ನ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾದಲ್ಲಿ ಎಫ್/11 ಇಟ್ಟಿದ್ದೆ. ಎಫ್ ಅಂಕಿ ದೊಡ್ಡದಾದಷ್ಟೂ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ, ಅಂದರೆ ಅಪರ್ಚರ್, ಕಿರಿದಾಗುತ್ತದೆ; ಹತ್ತಿರದ್ದೂ ದೂರದ್ದೂ ಸ್ಪಷ್ಟವಾಗಿ ಬರುತ್ತದೆ. ಬಟನ್ ಅರ್ಧ ಒತ್ತಿದರೆ ಫೋಕಸ್ ಹಿಂದೆ ಮುಂದೆ ಓಡಾಡಿತು, ನಿಲ್ಲಲೇ ಇಲ್ಲ. ವ್ಯೂಫೈಂಡರ್ (ಕಣ್ಣಿಟ್ಟು ನೋಡುವ ಕಿಟಕಿ) ತುಂಬಾ ಕಾಳು ಕಾಳು. ಅಷ್ಟರಲ್ಲಿ ಬುಟ್ಟಿ ಹೊತ್ತವರು ದಾಟಿ ಹೋಗಿದ್ದರು. ತುಂಬಾ ಬೇಜಾರಾಯಿತು.

ಒಳಗೆ ಕನ್ನಡಿ ಇರುವ ನನ್ನ ಹಳೇ ಡಿಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಈ ತೊಂದರೆ ಇರಲಿಲ್ಲ. ಅದರ ವ್ಯೂಫೈಂಡರ್‌ನಲ್ಲಿ ನೋಡುವಾಗ, ಫೋಕಸ್ ಮಾಡುವಾಗ ಲೆನ್ಸ್ ಪೂರ್ತಿ ತೆರೆದೇ ಇರುತ್ತದೆ. ಕ್ಲಿಕ್ ಆಗುವ ಗಳಿಗೆಯಲ್ಲಷ್ಟೇ ಕಿರಿದಾಗುತ್ತದೆ.

ಮನೆಗೆ ಬಂದವನೇ ಲೆನ್ಸನ್ನು ನನ್ನ ಕಡೆ ತಿರುಗಿಸಿ, ಟಾರ್ಚ್ ಬಿಟ್ಟು ಒಳಗೆ ನೋಡಿದೆ. 24–70 ಮಿ.ಮೀ. ಝೂಮ್ ಲೆನ್ಸ್, 50 ಮಿ.ಮೀ.ನಲ್ಲಿತ್ತು. ಎಫ್/2.8ರಲ್ಲಿ ಕಿಂಡಿ ಸುಮಾರು 18 ಮಿ.ಮೀ. ಅಗಲ. ಡಯಲ್ ತಿರುಗಿಸುತ್ತ ಹೋದಂತೆ ಕಿಂಡಿಯ ಸುತ್ತಲಿನ ತೆಳು ಎಲೆಗಳು ಕೂಡಿಕೊಂಡು, ಎಫ್/11ಕ್ಕೆ ಬರೀ ಕಾಳುಮೆಣಸಿನಷ್ಟಾಯಿತು. ಬಟನ್ ಅರ್ಧ ಒತ್ತಿದೆ. ಎಲೆಗಳು ಅಲುಗಲಿಲ್ಲ. ಅಂದರೆ ಆ ಕಾಳಿನಷ್ಟು ಕಿಂಡಿಯಿಂದಲೇ ಕ್ಯಾಮೆರಾ ಫೋಕಸ್ ಹುಡುಕುತ್ತಿತ್ತು!

ಬೆಳಕು ಹದಿನಾರರಲ್ಲಿ ಒಂದು ಪಾಲಿಗೆ ಇಳಿದದ್ದು ಒಂದು ಕಾರಣ. ಇನ್ನೊಂದು ಇದಕ್ಕಿಂತ ಮುಖ್ಯ. ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರ್, ಲೆನ್ಸಿನ ಎಡಬದಿಯಿಂದ ಬಂದ ಚಿತ್ರವನ್ನೂ ಬಲಬದಿಯಿಂದ ಬಂದ ಚಿತ್ರವನ್ನೂ ಹೋಲಿಸಿ, ಎಷ್ಟು ಸರಿಯಬೇಕು ಅಂತ ಲೆಕ್ಕ ಹಾಕುತ್ತದೆ. ಕಿಂಡಿ ಕಿರಿದಾದರೆ ಎರಡು ಬದಿಗಳೂ ಹತ್ತಿರ ಬರುತ್ತವೆ, ವ್ಯತ್ಯಾಸವೇ ಕಾಣುವುದಿಲ್ಲ. ನಮ್ಮ ಎರಡು ಕಣ್ಣು ಅಂಟಿಕೊಂಡಿದ್ದರೆ ದೂರ ಅಳೆಯುವುದು ಕಷ್ಟ ಅಲ್ವಾ, ಹಾಗೆ.

ಎಲ್ಲ ಮಿರರ್‌ಲೆಸ್‌ಗಳೂ ಒಂದೇ ಥರ ಅಲ್ಲ. ನಿಕಾನ್ ಕಂಪನಿಯ ಝಡ್ ಸರಣಿಯ ಕ್ಯಾಮೆರಾ ಸಾಮಾನ್ಯವಾಗಿ ಎಫ್/5.6ರ ತನಕ ಮಾತ್ರ ಕಿರಿದಾಗಿ ಫೋಕಸ್ ಮಾಡುತ್ತದೆ. ಕೆಲವು ಕ್ಯಾಮೆರಾಗಳಲ್ಲಿ ಇದು ಮೆನುವಿನ ಆಯ್ಕೆ. ನಿಮ್ಮದು ಏನು ಮಾಡುತ್ತದೆ ಅಂತ ತಿಳಿಯಲು ಟಾರ್ಚೇ ಸಾಕು.

ಈಗ ನಾನು ಫೋಕಸನ್ನು ಶಟರ್ ಬಟನ್‌ನಿಂದ ತೆಗೆದು ಹಿಂಬದಿಯ ಬಟನ್‌ಗೆ ಕೊಟ್ಟಿದ್ದೇನೆ. ಎಫ್/2.8ರಲ್ಲಿ ಫೋಕಸ್ ಹಿಡಿದು, ಬೆರಳು ಬಿಟ್ಟು, ಡಯಲ್ ಎಫ್/11ಕ್ಕೆ ತಿರುಗಿಸುತ್ತೇನೆ. ಎಫ್/4ರಲ್ಲೇ ತೆಗೆಯುವುದಿದ್ದರೆ ಮಾತ್ರ ಎಫ್/4ರಲ್ಲೇ ಫೋಕಸ್ ಮಾಡುತ್ತೇನೆ. ಕೆಲವು ಲೆನ್ಸ್‌ಗಳಲ್ಲಿ ಅಪರ್ಚರ್ ಬದಲಾದರೆ ಫೋಕಸ್ ಒಂಚೂರು ಜಾರುತ್ತದೆ. ಎಫ್/11ರಲ್ಲಿ ಅದು ಮುಚ್ಚಿಹೋಗುತ್ತದೆ, ಎಫ್/4ರಲ್ಲಿ ಕಾಣುತ್ತದೆ.

ಹಾಗಂತ ಕಿರಿದಾದ ಕಿಂಡಿಯಿಂದಲೇ ನೋಡುವುದು ಕೆಟ್ಟದ್ದು ಅನ್ನಲಾರೆ. ಯಾವುದು ಸ್ಪಷ್ಟ, ಯಾವುದು ಮಸುಕು ಅಂತ ಕ್ಲಿಕ್ಕಿಗೆ ಮೊದಲೇ ಕಾಣುತ್ತದೆ. ಸಂಜೆ ಕಾಳಿ ನದಿ ಸಂಗಮದ ಕಡೆ, ಬೆಳಕು ಚೆನ್ನಾಗಿರುವಾಗ, ನನಗೆ ಅದೇ ಬೇಕು. ಡಿಎಸ್‌ಎಲ್‌ಆರ್‌ನಲ್ಲಿ ಹೀಗೆ ಮೊದಲೇ ನೋಡಲು ಪ್ರಿವ್ಯೂ ಬಟನ್ ಒತ್ತಿದರೆ ಕತ್ತಲೆಯೇ ಕವಿಯುತ್ತಿತ್ತು.

ಮುಂದಿನ ವಾರ ಬೈತಖೋಲ್‌ಗೆ ಮತ್ತೆ ಹೋದೆ. ಝೂಮ್ 28ರಲ್ಲಿಟ್ಟು, ಎರಡೂವರೆ ಮೀಟರ್ ದೂರದ ಬುಟ್ಟಿಗೆ ಫೋಕಸ್ ಹಿಡಿದು, ಎಫ್/11ಕ್ಕೆ ತಿರುಗಿಸಿ ಕಾದೆ. ಬಂಗಡೆಯ ಬೆನ್ನಿನ ಕಪ್ಪು ಗೆರೆಗಳೂ ಬಂದಿವೆ, ಹಿಂದಿನ ದೋಣಿಯ ಹಗ್ಗದ ಗಂಟೂ ಬಂದಿದೆ.